ಬೆಳ್ಳಿತೆರೆಯ ಮೇಲೆ ಸಿಂಹಾಸನ ಮತ್ತು ದೇವಸ್ಥಾನ
(ಉತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)



ನಾರಾಯಣಖೇಡ ತಾಲೂಕು 1956ರವರೆಗೆ ಬೀದರ ಜಿಲ್ಲೆಯಲ್ಲಿತ್ತು. ಆದ್ದರಿಂದ ಸಿರ್ಗಾಪುರದ ಭಕ್ತರಿಗೆ ಕಲ್ಯಾಣದ ಬಸವಣ್ಣನವರ ಕಥೆಯೂ ಭದ್ರಾಚಲದ ರಾಮದಾಸರ ಕಥೆಯೂ ಮನೆಯ ಕಥೆಗಳೇ ಆಗಿವೆ. ಎರಡೂ ಚಲನಚಿತ್ರಗಳಾಗಿವೆ. ಎರಡು ಕಥೆಗಳಲ್ಲೂ ಅರಸನಿಗೂ ಭಕ್ತನಿಗೂ ವಿರಸ ಹುಟ್ಟುವುದು ಬೊಕ್ಕಸದ ಲೆಕ್ಕದಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

1959ರಲ್ಲಿ ತೆರೆಕಂಡ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರು, ರಾಜಕುಮಾರ್ ಬಿಜ್ಜಳ. (ಮುಂದೆ ಭಕ್ತರ ಪಾತ್ರಗಳಿಂದ ಮನೆಮಾತಾದ ನಟ ಇಲ್ಲಿ ಪ್ರಭುತ್ವದ ಕಡೆ ನಿಂತದ್ದು ಸೋಜಿಗವೇ ಸರಿ.) ಭಂಡಾರದ ಹೊನ್ನು ಜಂಗಮರ ಪಾಲಾಯಿತೆಂದು ಚಾಡಿ ಹೇಳಿದರು, ಎಣಿಸಿದಾಗ ಒಂದು ಹಣವೂ ಕಡಿಮೆಯಿರಲಿಲ್ಲ ಎನ್ನುತ್ತದೆ ಪುರಾಣ. ಆದರೆ ಕಲ್ಯಾಣ ಹೊತ್ತಿ ಉರಿದದ್ದು ಹೊನ್ನಿಗಾಗಿ ಅಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬ ಸಿಟ್ಟು ಮೊದಲು ಲೆಕ್ಕದ ತಕರಾರಿನ ವೇಷದಲ್ಲಿ ಬಂದಿತ್ತು.

1954ರಲ್ಲಿ ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ದಲ್ಲಿಯೂ ಇದೇ ವೇಷ. ಗುಡಿಯ ಕಳವಿನ ಸುಳ್ಳು ಆರೋಪ ಬೇಡನ ತಲೆಗೆ ಬರುತ್ತದೆ, ಹೊರಿಸುವವನು ಅರ್ಚಕ. ಮಾಂಸದ ನೈವೇದ್ಯ ತಂದ ಕೈ ಕಳ್ಳನ ಕೈ ಎಂದು ಜನರೂ ಥಟ್ಟನೆ ನಂಬುತ್ತಾರೆ. ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಯಿತು. ನಾಯಕ ಅಲ್ಲಿಯೂ ರಾಜಕುಮಾರರೇ.

ರಾಮದಾಸರ ಸಂಗತಿ ಮಾತ್ರ ಬೇರೆ. ತಹಸೀಲ್ದಾರ ಕಂಚರ್ಲ ಗೋಪನ್ನ ಭದ್ರಾಚಲದ ಗುಡಿಗೆ ಖರ್ಚು ಮಾಡಿದ್ದು ನಿಜವಾಗಿಯೂ ಕಂದಾಯದ ಹಣ. ಗೋಲ್ಕೊಂಡದ ತಾನಾಶಾಹ ಲೆಕ್ಕ ಕೇಳಿದ್ದರಲ್ಲಿ ಅನ್ಯಾಯವೇನಿತ್ತು? ನಾಗಯ್ಯನವರ 1964ರ ಚಿತ್ರವಾಗಲಿ, ನಾಗಾರ್ಜುನ ನಟಿಸಿದ 2006ರ 'ಶ್ರೀ ರಾಮದಾಸು' ಆಗಲಿ ನೋಡುವಾಗ ಸೆರೆಮನೆಯ ಭಕ್ತನಿಗಾಗಿ ಕಣ್ಣೀರು ಬರುತ್ತದೆ, ಈ ಪ್ರಶ್ನೆ ನೆನಪಿಗೆ ಬರುವುದಿಲ್ಲ. ಇದು ಸಿನಿಮಾದ ಶಕ್ತಿ, ಅದರ ಮರೆವೂ ಹೌದು. ಜನರ ನೆನಪು ಹೆಚ್ಚು ನ್ಯಾಯವಾಗಿದೆ: ಕಲ್ಯಾಣೋತ್ಸವಕ್ಕೆ ಸರಕಾರದಿಂದ ಮುತ್ತಿನ ತಲಂಬ್ರಾಲು ಹೋಗುವ ಪದ್ಧತಿಯನ್ನು ಭಕ್ತರು ಇಂದಿಗೂ ತಾನಾಶಾಹನ ಹೆಸರಿಗೇ ಜೋಡಿಸುತ್ತಾರೆ.

ರಾಮಲಕ್ಷ್ಮಣರು ಬಂದು ಆರು ಲಕ್ಷ ವರಹ ಕಟ್ಟಿದರೆಂಬ ಐತಿಹ್ಯದಲ್ಲಿ ಇನ್ನೂ ಒಂದು ಮಾತಿದೆ. ಹಣ ಸುರಿದ ಮೇಲೆ ಅವರು ಸುಮ್ಮನೆ ಹೊರಡಲಿಲ್ಲ. ತಾನಾಶಾಹನಿಂದ ರಸೀದಿ ಬರೆಸಿಕೊಂಡೇ ಹೋದರು.