ಜೂಜಿನ ಸಾಲ ಮತ್ತು ನಿಧಾನದ ಕಂತು



ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ಇಲ್ಲವೇ ಧಾರವಾಡಕ್ಕೂ ಪುಣೆಗೂ ಇರುವ ಸಂಗೀತದ ನಂಟು ಎಂದು ನಿರೀಕ್ಷಿಸಿ ಬಂದವರು ಪುಣೆಯ ಕನ್ನಡಿಗರ ಈ ಸಭೆಯಲ್ಲಿ ಇರಬಹುದು. ಬ್ಯಾಂಕಿನ ಸಾಲ ವಿಭಾಗದಲ್ಲಿ ನೌಕರಿ ಮುಗಿಸಿದ ನನ್ನಂಥವನನ್ನು ಕರೆದು, ಜೂಜು ಬಿಡಲು ಹೊರಟವನು ಸಾಲ ತೀರಿಸುವುದು ಹೇಗೆ ಎಂಬ ವಿಷಯ ಕೊಟ್ಟ ಸಂಘಟಕರ ಧೈರ್ಯವನ್ನು ಮೊದಲು ಮೆಚ್ಚಬೇಕು. ದತ್ತಿ ನಿಧಿಯ ಅಸಲನ್ನು ಮುಟ್ಟುವಂತಿಲ್ಲ, ಬಂದ ಬಡ್ಡಿಯಲ್ಲೇ ಕಾರ್ಯಕ್ರಮ ನಡೆಯಬೇಕು. ನಾನು ಮಾತಾಡಲಿರುವವರ ಮನೆಯಲ್ಲೂ ಅಸಲಿನ ತಂಟೆಗೆ ಯಾರೂ ಹೋಗುವುದಿಲ್ಲ, ತಿಂಗಳು ತಿಂಗಳು ಬಡ್ಡಿಯೊಂದೇ ಹೋಗುತ್ತಿರುತ್ತದೆ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೂಜಿನ ಸಾಲವನ್ನು ಮನೆಯವರು ಒಂದೇ ಏಟಿಗೆ ತೀರಿಸಬಾರದು. ಆಡಿದವನೇ ತೀರಿಸಬೇಕು, ಸಣ್ಣ ಕಂತಿನಲ್ಲಿ ತೀರಿಸಬೇಕು, ಮನೆಯವರ ಕಣ್ಣೆದುರು ತೀರಿಸಬೇಕು. ಇದು ಕಟುಕನ ಮಾತು ಎಂದು ಅನಿಸಿದರೆ ಮಹಾಭಾರತದ ಸಭಾಪರ್ವವನ್ನು ನೆನಪಿಸಿಕೊಳ್ಳಿ.

ಪಗಡೆಯಲ್ಲಿ ಧರ್ಮರಾಯ ಸೋತದ್ದನ್ನು ನಾವೆಲ್ಲ ಹೇಳುತ್ತೇವೆ. ಸೋತ ಮೇಲೆ ಏನಾಯಿತು ಎಂಬುದನ್ನು ಬೇಗ ದಾಟಿಬಿಡುತ್ತೇವೆ. ದ್ರೌಪದಿಗೆ ವರ ಕೊಡುವ ನೆವದಲ್ಲಿ ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ: ರಾಜ್ಯ, ಸಂಪತ್ತು, ತಮ್ಮಂದಿರು, ಸ್ವಾತಂತ್ರ್ಯ. ಸಾಲ ಪೂರ್ತಿ ಮನ್ನಾ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದರು. ಊರು ಮುಟ್ಟುವ ಮೊದಲೇ ಮತ್ತೊಂದು ಆಟಕ್ಕೆ ಕರೆ ಬಂತು, ಧರ್ಮರಾಯ ತಿರುಗಿ ಬಂದು ಕುಳಿತ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಬಂದದ್ದು ಈ ಎರಡನೆಯ ಆಟದಿಂದ. ಕ್ಷತ್ರಿಯನಾದವನು ಕರೆದ ಆಟಕ್ಕೆ ಇಲ್ಲ ಎನ್ನಬಾರದು ಎಂಬ ಸಮರ್ಥನೆ ಇದೆ, ಇರಲಿ. ಬ್ಯಾಂಕಿನವನ ಕಣ್ಣಿಗೆ ಕಾಣುವುದು ಬೇರೆ: ಕಷ್ಟವಿಲ್ಲದೆ ತೀರಿದ ಸಾಲ ಕೂಡಲೇ ಹೊಸ ಪಣವಾಯಿತು. ಅಜ್ಞಾತವಾಸದಲ್ಲೂ ಈತ ವಿರಾಟನ ಆಸ್ಥಾನಕ್ಕೆ ಹೋದದ್ದು ಕಂಕನೆಂಬ ಹೆಸರಿನಲ್ಲಿ, ಪಗಡೆ ಬಲ್ಲವನಾಗಿ. ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮನೋವೈದ್ಯರೂ ಇದನ್ನೇ ತಮ್ಮ ರೀತಿಯಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರ ಆವೃತ್ತಿಯಲ್ಲಿ ಜೂಜಿನ ಗೀಳನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿತು. ಅದರಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡರೆ ಅದು ಕಾಯಿಲೆ. ಹೋದ ದುಡ್ಡನ್ನು ಹಿಂದಕ್ಕೆ ಪಡೆಯಲೆಂದು ಮತ್ತೆ ಆಡುವುದು ಒಂದು ಲಕ್ಷಣ. ಸುಳ್ಳು ಹೇಳುವುದು ಒಂದು. ಜೂಜಿನಿಂದ ಕೈ ಬರಿದಾದಾಗ ಪಾರುಮಾಡಲು ಇನ್ನೊಬ್ಬರ ದುಡ್ಡಿಗೆ ಜೋತುಬೀಳುವುದೂ ಒಂದು. ಎಂದರೆ, ನಾವು ಕೊನೆಯ ಸಹಾಯ ಎಂದುಕೊಂಡು ಕೊಡುವ ಹಣವನ್ನು ಕೇಳಿ ಪಡೆಯುವುದೇ ಕಾಯಿಲೆಯ ಗುರುತಾಗಿ ಪಟ್ಟಿಯಲ್ಲಿ ಕೂತಿದೆ. “ಇದೊಂದು ಸಲ ತೀರಿಸ್ತೇವೆ ಮಗಾ, ಇನ್ನು ಮುಟ್ಬೇಡ” ಎಂದು ಊರಲ್ಲಿರುವ ತಾಯಿ ಫೋನಿನಲ್ಲಿ ಹೇಳುವಾಗ ಅವರಿಗೆ ಇದು ಗೊತ್ತಿರುವುದಿಲ್ಲ.

ಪುಣೆಗೆ ಜೂಜು ಹೊಸದಲ್ಲ. ಮಳೆಗಾಲ ಬಂತೆಂದರೆ ಮುಂಬೈಯ ಮಹಾಲಕ್ಷ್ಮಿಯ ಕುದುರೆಗಳು ಇಲ್ಲಿನ ಕ್ಯಾಂಪಿನ ರೇಸ್‌ಕೋರ್ಸಿಗೆ ಬರುತ್ತವೆ. ಮುಂಬೈಯಲ್ಲಿ ಹುಟ್ಟಿದ ಮಟ್ಕಾ ಎಂಬ ಅಂಕಿಯ ಜೂಜು ಅರವತ್ತರ ದಶಕದಲ್ಲಿ ಗಿರಣಿ ಕಾರ್ಮಿಕರ ಚಾಳುಗಳಿಂದ ಹೊರಟು ನಮ್ಮ ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿನ ಬೀಡಾ ಅಂಗಡಿಗಳ ತನಕ ಓಸಿ ಎಂಬ ಹೆಸರಿನಲ್ಲಿ ಹಬ್ಬಿತು. 2021ರ ಮಾರ್ಚ್‌ನಲ್ಲಿ ಗಹುಂಜೆ ಸ್ಟೇಡಿಯಮ್ಮಿನಲ್ಲಿ ಭಾರತ–ಇಂಗ್ಲೆಂಡ್ ಪಂದ್ಯ ನಡೆದಾಗ ಕೋವಿಡ್ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಆದರೆ ಹತ್ತಿರದ ಗುಡ್ಡ, ಕಟ್ಟಡಗಳಿಂದ ದುರ್ಬೀನು ಹಿಡಿದು ಆಟ ನೋಡುತ್ತಿದ್ದ, ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗಳನ್ನು ಪೊಲೀಸರು ಹಿಡಿದರು. ಟಿವಿಯಲ್ಲಿ ಚೆಂಡು ಕೆಲವು ಸೆಕೆಂಡು ತಡವಾಗಿ ಬೀಳುತ್ತದೆ, ಆ ಸೆಕೆಂಡುಗಳೇ ಅವರ ಬಂಡವಾಳ. 2023ರ ಅಕ್ಟೋಬರ್‌ನಲ್ಲಿ ಪಿಂಪ್ರಿ–ಚಿಂಚವಡದ ಒಬ್ಬ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಕ್ರಿಕೆಟ್ ತಂಡ ಕಟ್ಟಿ ಹಣ ಹೂಡುವ ಡ್ರೀಮ್ ಇಲೆವೆನ್ ಆ್ಯಪಿನಲ್ಲಿ ಒಂದೂವರೆ ಕೋಟಿ ಗೆದ್ದು, ಆ ಆಟದ ಕಾರಣಕ್ಕೇ ಅಮಾನತುಗೊಂಡರು. ಗೆದ್ದ ಸುದ್ದಿ ಊರೆಲ್ಲ ಹರಡಿತು. ಆ ವಾರ ಹೋಟೆಲಿನ ಗಲ್ಲೆಯಲ್ಲಿ ಕೂತವರಿಂದ ಹಿಂಜವಡಿಯ ಐಟಿ ಹುಡುಗರವರೆಗೆ ಎಷ್ಟು ಜನ ಹೊಸದಾಗಿ ತಂಡ ಕಟ್ಟಿದರೋ ಯಾರು ಬಲ್ಲರು!

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 22ರಂದು. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಇದಕ್ಕೂ ಮೊದಲು ಕರ್ನಾಟಕ 2021ರಲ್ಲಿ ಇಂಥದ್ದೇ ಕಾನೂನು ತಂದು, 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಸೋತಿತ್ತು. ಕೇಂದ್ರದ ಕಾಯ್ದೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ್ಯಪು ಮುಚ್ಚಿದ ಮಾತ್ರಕ್ಕೆ ಸಾಲ ಮುಚ್ಚಲಿಲ್ಲ. ಟೆಲಿಗ್ರಾಮಿನಲ್ಲಿ ಬಾಜಿ ಕಟ್ಟುವ ‘ಐಡಿ’ ಮಾರುವವರೂ ನಿಲ್ಲಲಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಇದು ನಾನೇ ಕಟ್ಟಿದ ಲೆಕ್ಕ, ಯಾರದೇ ಮನೆಯದ್ದಲ್ಲ. ಆದರೆ ನನ್ನ ಮೇಜಿಗೆ ಬಂದ ಕಾಗದಗಳು ಹೆಚ್ಚುಕಮ್ಮಿ ಹೀಗೇ ಇರುತ್ತಿದ್ದವು. ಕೈಗೆ ಬರುವ ಸಂಬಳ 72,000. ಕ್ರೆಡಿಟ್ ಕಾರ್ಡಿನ ಬಾಕಿ 2,40,000. ಪರ್ಸನಲ್ ಲೋನ್ 4,00,000. ಮೂರು ಸಾಲದ ಆ್ಯಪುಗಳಲ್ಲಿ 90,000. ಹೆಂಡತಿಯ ಒಡವೆ ಅಡವಿಟ್ಟದ್ದು 1,20,000. ನಾಲ್ವರು ಗೆಳೆಯರಿಂದ ಕೈಗಡ 1,35,000. ಭಾವನಿಂದ 50,000. ಒಟ್ಟು 10,35,000. ಈ ಪಟ್ಟಿಯನ್ನು ಮೊದಲ ಸಲ ಬರೆಸಿದಾಗ ಭಾವನ ಐವತ್ತು ಸಾವಿರ ಅದರಲ್ಲಿ ಇರುವುದಿಲ್ಲ. ಎರಡನೆಯ ಸಲವೂ ಒಂದು ಆ್ಯಪು ಬಿಟ್ಟುಹೋಗಿರುತ್ತದೆ. ಬಾಯಿಮಾತನ್ನು ನಂಬದೆ, ಹೆಸರಿನಲ್ಲಿರುವ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ತೆಗೆಸಿ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಕೈಗಡ ಮಾತ್ರ ಅದರಲ್ಲಿ ಕಾಣುವುದಿಲ್ಲ, ಅದನ್ನು ಅವನ ಬಾಯಿಂದಲೇ ಹೊರಡಿಸಬೇಕು.

ಬಾಡಿಗೆ, ಮನೆಖರ್ಚು, ಊರಿಗೆ ಕಳಿಸುವುದು, ಬಸ್ಸು, ಫೋನು ಎಲ್ಲ ಸೇರಿ 38,000 ಎಂದಿಟ್ಟುಕೊಳ್ಳಿ. ಉಳಿದದ್ದು 34,000. ಪರ್ಸನಲ್ ಲೋನಿನ ಕಂತು 11,000. ಕಾರ್ಡಿನ ಬಾಕಿಯನ್ನು ಹಾಗೆಯೇ ಬಿಟ್ಟರೆ ತಿಂಗಳಿಗೆ ಶೇಕಡಾ ಮೂರೂವರೆಯಂತೆ 8,400 ಬರೀ ಬಡ್ಡಿಯಾಗುತ್ತದೆ. ಬ್ಯಾಂಕಿನೊಡನೆ ಮಾತಾಡಿ ಮೂರು ವರ್ಷದ ಕಂತಿಗೆ ಹಾಕಿಸಿಕೊಂಡರೆ ಸುಮಾರು 8,500ರಲ್ಲಿ ಅಸಲೂ ಇಳಿಯುತ್ತದೆ. ಒಡವೆಯ ಬಡ್ಡಿ 1,000. ಆ್ಯಪುಗಳಿಗೆ 7,500. ಗೆಳೆಯರಿಗೂ ಭಾವನಿಗೂ ತಲಾ 800ರಂತೆ 4,000. ಕೈಯಲ್ಲಿ ಉಳಿಯುವುದು 2,000, ಜ್ವರ ಕೆಮ್ಮಿಗೆ. ಆ್ಯಪುಗಳು ಒಂದೂಕಾಲು ವರ್ಷದ ಹೊತ್ತಿಗೆ ಮುಗಿಯುತ್ತವೆ, ಆ ದುಡ್ಡು ಗೆಳೆಯರ ಕಡೆ ತಿರುಗುತ್ತದೆ, ಅವರದ್ದು ಮುಗಿದರೆ ಒಡವೆ ಬಿಡಿಸುವ ಕಡೆ. ಎಲ್ಲ ತೀರಲು ನಾಲ್ಕು ವರ್ಷ. ಊರಿನ ಜಾಗ ಮಾರಿದರೆ ನಾಲ್ಕೇ ದಿನ. ಮನೆಯವರು ಜಾರಿ ಬೀಳುವುದು ಇಲ್ಲಿಯೇ.

ಎರಡು ಲಕ್ಷ ನಲವತ್ತು ಸಾವಿರವನ್ನು ಅಪ್ಪ ಬಂದು ಕಾರ್ಡಿಗೆ ಕಟ್ಟಿದರು ಎನ್ನಿ. ಮರುದಿನ ಬೆಳಿಗ್ಗೆ ಆ ಕಾರ್ಡಿನಲ್ಲಿ ಅಷ್ಟೇ ಮೊತ್ತದ ಮಿತಿ ಮತ್ತೆ ತೆರೆದುಕೊಂಡಿರುತ್ತದೆ. ಸಾಮಾನ್ಯ ಸಾಲಗಾರನಿಗೆ ಅದು ನೆಮ್ಮದಿ; ಇವನಿಗೆ ಅದು ಎರಡು ಲಕ್ಷ ನಲವತ್ತು ಸಾವಿರದ ಪಣ. ಸಾಲ ಚೊಕ್ಕವಾಗಿ ತೀರಿತೆಂದು ಸಿಬಿಲ್ ಅಂಕ ಏರುತ್ತದೆ, ‘ಪ್ರಿ-ಅಪ್ರೂವ್ಡ್ ಲೋನ್’ ಎಂದು ಮೆಸೇಜು ಬರುತ್ತದೆ. ನಾವು ಬ್ಯಾಂಕಿನವರು ಅದನ್ನು ಗ್ರಾಹಕಸೇವೆ ಎಂದು ಕರೆಯುತ್ತಿದ್ದೆವು. ಆದ್ದರಿಂದ ಕಾರ್ಡಿನಲ್ಲಿ ಆನ್‌ಲೈನ್ ವ್ಯವಹಾರವನ್ನು ಮೊದಲೇ ಬಂದ್ ಮಾಡಿಸಿ, ಬಾಕಿ ಮುಗಿದ ದಿನವೇ ಕಾರ್ಡನ್ನು ಮುಚ್ಚಿಸಬೇಕು. ಬಾಕಿ ತೀರಿದ ಮೇಲೆ ಗ್ರಾಹಕ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದು 2022ರ ರಿಸರ್ವ್ ಬ್ಯಾಂಕ್ ನಿಯಮವಿದೆ. ಸಂಬಳ ಹೆಂಡತಿಯ ಕೈಗೋ ಅಪ್ಪನ ಕೈಗೋ ಹೋಗಲಿ. ನಾಚಿಕೆ ಆಗುತ್ತದೆ, ನಿಜ. ಒಂದನೇ ತಾರೀಕಿನ ರಾತ್ರಿ ದುಡ್ಡಿರುವ ಫೋನು ಕೈಯಲ್ಲಿಟ್ಟುಕೊಂಡು ಒಬ್ಬನೇ ಕೂರುವುದಕ್ಕಿಂತ ಆ ನಾಚಿಕೆ ವಾಸಿ.

ಗೆಳೆಯರಿಗೆ ಎಂಟುನೂರು ರೂಪಾಯಿ ಕೊಟ್ಟು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಗಣಿತದ ಪ್ರಕಾರ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು, ಬಡ್ಡಿಯಿಲ್ಲದ ಕೈಗಡ ಕಾಯಬಹುದು. 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಜೂಜುಕೋರರೇ ಕಟ್ಟಿಕೊಂಡ ಗ್ಯಾಂಬ್ಲರ್ಸ್ ಅನಾನಿಮಸ್ ಕೂಟದ ಅನುಭವ ಬೇರೆ. ಆಟ ಬಿಟ್ಟವನನ್ನೂ ಅವನ ಮನೆಯವರನ್ನೂ ಕೂರಿಸಿ, ಹಳಬರು ಸಾಲದ ಪೂರ್ತಿ ಪಟ್ಟಿ ಬರೆಸುತ್ತಾರೆ. ಮನೆಖರ್ಚನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಸಾಲ ಕೊಟ್ಟವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ಹೊಸ ಸಾಲ ಮಾಡುವಂತಿಲ್ಲ. ಎಂಟುನೂರು ಕೈಗೆ ಬಂದ ಗೆಳೆಯ ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸುವುದಿಲ್ಲ. ಕೊಟ್ಟವನೂ ತಲೆ ತಪ್ಪಿಸಿ ಓಡಾಡಬೇಕಿಲ್ಲ. ಹೀಗೆ ಓಡಾಡುವುದು ನಿಂತರೆ ಒಂಟಿತನ ಕಡಿಮೆಯಾಗುತ್ತದೆ, ಆಟಕ್ಕೆ ನೆವ ಕೊಡುವುದು ಹೆಚ್ಚಾಗಿ ಆ ಒಂಟಿತನವೇ. ಈ ವಿಷಯದಲ್ಲಿ ನಾನು ಗಣಿತವನ್ನು ಬಿಟ್ಟು ಕೂಟದವರ ಪಕ್ಷ.

ಬುಕ್ಕಿಯ ಸಾಲದ ಬಗ್ಗೆ ಎರಡು ಮಾತು. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯಿಲ್ಲ, ಅದರ ಮೇಲೆ ದಾವೆ ಹೂಡಲಾಗದು. ಮುಂಬೈ ಪ್ರಾಂತ್ಯ ಅದಕ್ಕೂ ಮೊದಲೇ, 1865ರಲ್ಲೇ, ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು: ಬಾಜಿಗೆ ಪೂರಕವಾಗಿ ಮಾಡಿಕೊಂಡ ಒಪ್ಪಂದಗಳೂ ಇಲ್ಲಿ ನಿಲ್ಲುವುದಿಲ್ಲ. 1959ರಲ್ಲಿ ಘೇರೂಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಎತ್ತಿ ಹೇಳಿದೆ. ಹಾಗಾಗಿ ಬುಕ್ಕಿಗೆ ಕೊಡಲು ಹೊಸ ಸಾಲ ಎತ್ತುವುದು ಶುದ್ಧ ಮೂರ್ಖತನ. ಅವನು ಆಳುಗಳನ್ನು ಕಳಿಸಿದರೆ ಪೊಲೀಸ್ ಠಾಣೆ ಇದೆ. ಲೈಸೆನ್ಸ್ ಇಲ್ಲದೆ ಬಡ್ಡಿಗೆ ಕೊಡುವ ಸಾವಕಾರನ ಮೇಲೆ ಮಹಾರಾಷ್ಟ್ರದ 2014ರ ಲೇವಾದೇವಿ ಕಾಯ್ದೆ ಇದೆ. ಬ್ಯಾಂಕು, ಆ್ಯಪುಗಳ ಸಾಲಕ್ಕೆ ಮಾತ್ರ ಈ ವಿನಾಯಿತಿ ಇಲ್ಲ, ದುಡ್ಡು ಯಾವುದಕ್ಕೆ ಹೋಯಿತೆಂದು ಅವರಿಗೆ ಗೊತ್ತಿರುವುದಿಲ್ಲವಲ್ಲ. ಆದರೂ ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನು ಮಾಡುವಂತಿಲ್ಲ. ಸಾಲದ ಆ್ಯಪು ನಿಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿಗೆ ಕೈಹಾಕುವಂತಿಲ್ಲ. ಎರಡೂ ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮಗಳು. ದೂರು ಕೊಟ್ಟು ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ನಿಧಾನದ ಕಂತಿಗೆ ಒಂದು ದೊಡ್ಡ ಸಾಕ್ಷಿ ರಷ್ಯದಲ್ಲಿದೆ. ಸಾಲದ ಒತ್ತಡಕ್ಕೆ ಸಿಕ್ಕಿ 1866ರಲ್ಲಿ 26 ದಿನಗಳಲ್ಲಿ ‘ಜೂಜುಕೋರ’ ಕಾದಂಬರಿಯನ್ನು ಹೇಳಿ ಬರೆಸಿದ ದಸ್ತಯೆವ್‌ಸ್ಕಿ, ಬರೆದುಕೊಂಡ ಅನ್ನಾಳನ್ನೇ ಮರುವರ್ಷ ಮದುವೆಯಾದ. ಆಮೇಲೂ ಯುರೋಪಿನ ಜೂಜುಕಟ್ಟೆಗಳಲ್ಲಿ ಹೆಂಡತಿಯ ಒಡವೆ ಬಟ್ಟೆಗಳನ್ನು ಅಡವಿಟ್ಟು ಆಡಿದ. ನಿಲ್ಲಿಸಿದ್ದು 1871ರಲ್ಲಿ. ಪೀಟರ್ಸ್‌ಬರ್ಗಿಗೆ ಮರಳಿದಾಗ ಸಾಲ ಕೊಟ್ಟವರು ಬಾಗಿಲಲ್ಲಿದ್ದರು. ಅದರಲ್ಲಿ ಹೆಚ್ಚಿನ ಪಾಲು ತೀರಿಹೋದ ಅಣ್ಣನ ಸಾಲ, ಆದರೂ ಹೊರೆ ಇವನ ಮೇಲೆಯೇ. ಅನ್ನಾ ಲೆಕ್ಕವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು. ಗಂಡನನ್ನು ಸಾಲದ ಜೈಲಿಗೆ ಹಾಕಿಸಿದರೆ ನಿಮಗೆ ಬಿಡಿಗಾಸೂ ಸಿಗದು, ಕಂತಿಗೆ ಒಪ್ಪಿ ಎಂದು ಸಾಲ ಕೊಟ್ಟವರೊಡನೆ ನೇರವಾಗಿ ಮಾತಾಡಿದಳು. 1873ರಲ್ಲಿ ಗಂಡನ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸಿ ಮನೆಯಿಂದಲೇ ಮಾರಿದಳು. ಸಾಲ ಪೂರ್ತಿ ತೀರುವಷ್ಟರಲ್ಲಿ ಅವನ ಆಯುಷ್ಯವೂ ಹೆಚ್ಚುಕಡಿಮೆ ಮುಗಿದಿತ್ತು, 1881ರಲ್ಲಿ ತೀರಿಕೊಂಡ. ಆದರೆ ಆ ಹತ್ತು ವರ್ಷ ಅವನು ಮತ್ತೆ ಆಡಲಿಲ್ಲ, ‘ಕರಮಜೋವ್ ಸಹೋದರರು’ ಬರೆದ.

ಅನ್ನಾಳಂಥ ಹೆಂಡತಿಯರು ಈ ಊರಲ್ಲೂ ಇದ್ದಾರೆ, ಅವರಿಗೆ ಬೆಂಬಲ ಬೇಕು. ಯೆರವಡಾದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ನಿಮಗೆಲ್ಲ ಗೊತ್ತಿರುತ್ತದೆ. ಡಾ. ಅನಿಲ ಅವಚಟರು ಬ್ರೌನ್ ಶುಗರ್ ಎಂಬ ಮಾದಕದ ಬಗ್ಗೆ ಬರೆದದ್ದನ್ನು ಓದಿ ಮನ ಕಲಕಿದ ಮರಾಠಿ ಲೇಖಕ ಪು. ಲ. ದೇಶಪಾಂಡೆ ದಂಪತಿ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ, 1986ರಲ್ಲಿ, ಮನೋರೋಗ ಆಸ್ಪತ್ರೆಯ ಆವರಣದಲ್ಲಿ ಅದು ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಅವಚಟರ ಪತ್ನಿ ಡಾ. ಅನಿತಾ. ಅದು ಮುಖ್ಯವಾಗಿ ಕುಡಿತ, ಮಾದಕ ವಸ್ತುಗಳ ಚಟಕ್ಕೆ ಹುಟ್ಟಿದ ಸಂಸ್ಥೆ. ಆದರೆ ರೋಗಿಯ ಜೊತೆ ಮನೆಯವರನ್ನೂ ಕೂರಿಸಿ ಮಾತಾಡಿಸಬೇಕೆಂಬುದನ್ನು ಪುಣೆಗೆ ಕಲಿಸಿದ್ದು ಅದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನು, ಇಂಟರ್ನೆಟ್ಟಿನ ಗೀಳಿಗೆಂದೇ ‘ಶಟ್’ ಕ್ಲಿನಿಕ್ ನಡೆಯುತ್ತಿದೆ.

ಈ ಉಪನ್ಯಾಸ ಏರ್ಪಡಿಸಿದ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ. ನಮ್ಮಲ್ಲಿ ನಿವೃತ್ತ ಬ್ಯಾಂಕಿನವರು, ವಕೀಲರು, ಲೆಕ್ಕಪರಿಶೋಧಕರು ಬೇಕಾದಷ್ಟು ಜನ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಇದೇ ಕಟ್ಟಡದ ಒಂದು ಕೋಣೆ ಕೊಡಿ. ಸಾಲದ ಪಟ್ಟಿ ಹಿಡಿದು ಬಂದವರ ಜೊತೆ ಕನ್ನಡದಲ್ಲಿ ಕೂತು ಲೆಕ್ಕ ಹಾಕಿಕೊಡೋಣ. ಹೆಸರು ಕೇಳುವುದು ಬೇಡ, ದುಡ್ಡು ಕೊಡುವುದೂ ಬೇಡ. ಅಲ್ಲಿಯತನಕ ಯಾರ ಮನೆಯಲ್ಲಾದರೂ ಮಗ ರಾತ್ರಿಯೆಲ್ಲ ಎಚ್ಚರವಿದ್ದು, ಸಾಯುವ ಮಾತಾಡಿದರೆ, ಜಾಗ ಮಾರುವ ದಲ್ಲಾಳಿಗೆ ಫೋನು ಮಾಡುವ ಮೊದಲು 14416ಕ್ಕೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.