ಕೊಳ್ಳದ ಪಾರುಪತ್ಯ

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ಕೊಲರಾಡೊ ನದಿ ಕೊರೆದಿರುವ ಮಹಾಕೊಳ್ಳವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಜಗತ್ತು ಅದನ್ನು ಗ್ರ್ಯಾಂಡ್ ಕ್ಯಾನ್ಯನ್ ಎಂದು ಕರೆಯುತ್ತದೆ. ಅದರ ಚೆಲುವನ್ನು ವರ್ಣಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಉದ್ದ 446 ಕಿಲೋಮೀಟರು, ಆಳ ಒಂದೂವರೆ ಕಿಲೋಮೀಟರಿಗೂ ಮಿಕ್ಕು, ಅಗಲ ಕೆಲವೆಡೆ 29 ಕಿಲೋಮೀಟರು ಎಂದು ಹೇಳಿದ ಮಾತ್ರಕ್ಕೆ ಕೇಳುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅಂಚಿನಲ್ಲಿ ನಿಂತಿದ್ದ ನನಗೇ ಮೊದಲ ಅರ್ಧ ಗಂಟೆ ಏನೂ ಕಟ್ಟಲಿಲ್ಲ.

2023ರ ಶರತ್ಕಾಲದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಗೆ ಹೋದೆ. ಉದ್ಯಾನವನ್ನು ಕಾಯುವ ಅಧಿಕಾರಿಗಳಿಗೆ ಅಲ್ಲಿ ರೇಂಜರ್ ಎಂದು ಹೆಸರು. ಅವರ ಕೆಲಸಗಳಲ್ಲಿ ಒಂದು ನನಗೆ ಬಹಳ ಮೆಚ್ಚುಗೆಯಾಯಿತು. ಕೊಳ್ಳದ ಅಂಚಿನಲ್ಲಿ ನಿಂತು, ಬಂದವರನ್ನು ಕಲ್ಲುಬೆಂಚುಗಳ ಮೇಲೆ ಕೂರಿಸಿ, ಅದರ ಇತಿಹಾಸವನ್ನು ಉಪನ್ಯಾಸದ ರೂಪದಲ್ಲಿ ಹೇಳುತ್ತಾರೆ. ಟಿಕೆಟ್ಟಿಲ್ಲ, ಧ್ವನಿವರ್ಧಕವಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇನ್ನೊಬ್ಬರ ಪಾಠ ಕೇಳುವುದು ಕಷ್ಟವೆನ್ನುತ್ತಾರೆ. ನನಗೆ ಹಾಗಾಗಲಿಲ್ಲ.

ಆ ದಿನ ಮಾತನಾಡಿದ ತರುಣಿ ತಳದ ಕಪ್ಪುಬಂಡೆಯನ್ನು ತೋರಿಸಿ, ಅದಕ್ಕೆ ಸುಮಾರು 170 ಕೋಟಿ ವರ್ಷ ವಯಸ್ಸೆಂದೂ ಹೆಸರು ವಿಷ್ಣು ಶಿಲೆಯೆಂದೂ ಹೇಳಿದಳು. ಎದುರಿನ ಗೋಪುರಾಕಾರದ ಬೆಟ್ಟ ವಿಷ್ಣು ದೇವಾಲಯ, ಆಚೆಯದು ಶಿವ ದೇವಾಲಯ, ಇನ್ನೊಂದು ಬ್ರಹ್ಮ ದೇವಾಲಯ. ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಆ ಪ್ರದೇಶವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1882ರಲ್ಲಿ. ಆ ಶಿಖರಗಳು ಅವನಿಗೆ ಪೂರ್ವದೇಶದ ಗುಡಿಗಳಂತೆ ಕಂಡವು. ಅವನಿಂದ ಮೊದಲಾದ ಹೆಸರಿಡುವ ಪದ್ಧತಿಯನ್ನು ಅನಂತರದವರೂ ಮುಂದುವರಿಸಿದರು. ಇದನ್ನು ಹೇಳುವಾಗ ಅವಳು ನನ್ನತ್ತ ನೋಡಿ ಮುಗುಳ್ನಕ್ಕಳು. ನಾನೂ ನಕ್ಕೆ. ಹತ್ತು ಸಾವಿರ ಮೈಲಿಯಾಚೆ ನಮ್ಮ ದೇವರ ಹೆಸರು ಕೇಳಿದರೆ ಯಾರಿಗೆ ಹಿಗ್ಗಾಗದು? ನಮ್ಮ ಧಾರವಾಡದ ಶಿಲೆಗಳು ಇದಕ್ಕಿಂತ ಹಳೆಯವು ಎಂಬ ಸಣ್ಣ ಜಂಬವೂ ಮನಸ್ಸಿನಲ್ಲಿ ಸುಳಿಯಿತು. ಆದರೆ ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ಬೇರೊಂದು ಪ್ರಶ್ನೆ ಎದ್ದಿತು: ಡಟ್ಟನ್ ಬರುವ ಮೊದಲು ಆ ಬೆಟ್ಟಗಳಿಗೆ ಹೆಸರೇ ಇರಲಿಲ್ಲವೆ? ಇತ್ತು. ಹವಾಸುಪಾಯ್, ಹುವಾಲಪಾಯ್, ಹೋಪಿ, ನವಾಹೋ ಮೊದಲಾದ ಜನ ಶತಮಾನಗಳಿಂದ ಆ ಸೀಮೆಯಲ್ಲಿದ್ದವರು. ಅವರನ್ನು ಕೇಳದೆ ಅವರ ಬೆಟ್ಟಕ್ಕೆ ನಮ್ಮ ದೇವರನ್ನು ಕರೆತಂದು ಕೂರಿಸಿದ್ದರು. ಹಿಗ್ಗು ಅರ್ಧಕ್ಕೆ ಇಳಿಯಿತು.

ಈ ಕೊಳ್ಳದ ಕಥೆಯಲ್ಲಿ ಸಾರ್ವಜನಿಕ ಭಾಷಣಗಳಿಗೆ ದೊಡ್ಡ ಸ್ಥಾನವಿದೆ. ಎಲ್ಲರೂ ನೆನೆಯುವುದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನ ಭಾಷಣವನ್ನು. 1903ರ ಮೇ 6ರಂದು ದಕ್ಷಿಣದ ಅಂಚಿಗೆ ಬಂದ ಆತ, ಇದನ್ನು ಇದ್ದಂತೆಯೇ ಬಿಡಿ, ಮಕ್ಕಳು ಮೊಮ್ಮಕ್ಕಳಿಗಾಗಿ ಉಳಿಸಿ ಎಂದು ಅರಿಜೋನಾದ ಜನರನ್ನು ಕೇಳಿಕೊಂಡ. ಕೇಳಿಕೊಂಡ ಮಾತ್ರಕ್ಕೆ ಯಾರು ಬಿಡುತ್ತಾರೆ? ರಾಲ್ಫ್ ಕ್ಯಾಮೆರಾನ್ ಎಂಬಾತ ಕೊಳ್ಳಕ್ಕಿಳಿಯುವ ದಾರಿಯುದ್ದಕ್ಕೂ ಗಣಿಯ ಹಕ್ಕು ಬರೆಸಿಕೊಂಡು, ಇಳಿಯುವವರಿಂದ ತಲೆಗೆ ಒಂದು ಡಾಲರ್ ಸುಂಕ ವಸೂಲು ಮಾಡುತ್ತಿದ್ದ. ಗಣಿ ಹೆಸರಿಗೆ ಮಾತ್ರ. ಅವನ ನಿಜವಾದ ಅದಿರು ಯಾತ್ರಿಕರ ಜೇಬು. 1908ರಲ್ಲಿ ರೂಸ್‌ವೆಲ್ಟ್ ಕೊಳ್ಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ, 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕ್ಯಾಮೆರಾನನ ವ್ಯಾಜ್ಯ 1920ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಮರುವರ್ಷ ಅವನು ಸೆನೆಟರ್ ಆದ ಎಂಬುದನ್ನೂ ಹೇಳಿಬಿಡುತ್ತೇನೆ. ಇಂಥ ಸಂಗತಿ ನಮಗೆ ಅಪರಿಚಿತವೇನಲ್ಲ.

ಆದರೆ ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಅದಕ್ಕೂ ಹತ್ತು ವರ್ಷ ಹಿಂದಿನ ಇನ್ನೊಂದು ಭಾಷಣ. ಅದಕ್ಕೆ ಚಪ್ಪಾಳೆ ಬೀಳಲಿಲ್ಲ.

ಜಾನ್ ವೆಸ್ಲಿ ಪೊವೆಲ್ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. 1869ರ ಮೇ 24ರಂದು ಒಂಬತ್ತು ಸಂಗಡಿಗರೊಡನೆ ನಾಲ್ಕು ದೋಣಿಗಳಲ್ಲಿ ಹೊರಟು, ನಕ್ಷೆಯಲ್ಲಿ ಬರಿದಾಗಿದ್ದ ಆ ನದಿಯನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಇಳಿದ. ಒಂದು ದೋಣಿ ಮೊದಲಲ್ಲೇ ಒಡೆಯಿತು, ಒಬ್ಬ ಬಿಟ್ಟುಹೋದ. ಕೊನೆಯ ಭೀಕರ ಸುಳಿಯ ಬಳಿ ಮೂವರು, ಇದು ಸಾವಿನ ದಾರಿಯೆಂದು ಬಂಡೆ ಹತ್ತಿ ಹೊರಟರು. ಎರಡೇ ದಿನದಲ್ಲಿ ದೋಣಿಯಲ್ಲಿದ್ದ ಆರು ಮಂದಿ ಸುರಕ್ಷಿತವಾಗಿ ಹೊರಬಿದ್ದರು. ಹತ್ತಿಹೋದ ಮೂವರು ಕೊಲೆಯಾದರು. ಪೊವೆಲ್ ದೇಶದ ವೀರನಾದ, ಮುಂದೆ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥನಾದ. ವರ್ಷಗಟ್ಟಲೆ ಆ ಒಣಸೀಮೆಯನ್ನು ಅಳೆದ. 1893ರ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸಿನಲ್ಲಿ ನೀರಾವರಿ ಮಹಾಸಭೆ ಸೇರಿತ್ತು. ಪಶ್ಚಿಮದ ಮರಳುಗಾಡೆಲ್ಲ ತೋಟವಾಗುವುದೆಂಬ ಹುಮ್ಮಸ್ಸಿನಲ್ಲಿ ತೇಲುತ್ತಿದ್ದ ಪ್ರತಿನಿಧಿಗಳ ಮುಂದೆ ಪೊವೆಲ್ ಎದ್ದು, ಈ ನೆಲಕ್ಕೆ ಸಾಲುವಷ್ಟು ನೀರು ಇಲ್ಲ, ನೀವು ಜಗಳವನ್ನೂ ವ್ಯಾಜ್ಯವನ್ನೂ ಬಿತ್ತುತ್ತಿದ್ದೀರಿ ಎಂಬರ್ಥದ ಮಾತು ಹೇಳಿದ. ಸಭೆ ಅವನನ್ನು ಕೂಗಿ ಹೀಯಾಳಿಸಿತು. ಮರುವರ್ಷ ಅವನು ಇಲಾಖೆಯನ್ನು ಬಿಟ್ಟ.

ಅವನ ಮಾತಿನ ಬೆಲೆ ತಿಳಿಯಲು ಒಂದು ಲೆಕ್ಕ ನೋಡಬೇಕು. 1922ರಲ್ಲಿ ಏಳು ಸಂಸ್ಥಾನಗಳು ಕೊಲರಾಡೊ ನದಿಯನ್ನು ಕರಾರು ಮಾಡಿಕೊಂಡು ಹಂಚಿಕೊಂಡವು. ನಮಗೆ ಒಗ್ಗಿದ ಟಿ.ಎಂ.ಸಿ. ಲೆಕ್ಕದಲ್ಲಿ ಮೇಲಿನವರಿಗೆ ಸುಮಾರು 327, ಕೆಳಗಿನವರಿಗೆ 327; 1944ರ ಒಪ್ಪಂದದಿಂದ ಮೆಕ್ಸಿಕೋಗೆ 65. ಒಟ್ಟು 719. ಕರಾರಿಗೆ ಆಧಾರವಾದ ವರ್ಷಗಳು ಅಪರೂಪದ ಮಳೆಗಾಲದವು. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ನದಿಯ ಸರಾಸರಿ ಸಹಜ ಹರಿವು ಸುಮಾರು 540 ಟಿ.ಎಂ.ಸಿ. ಮಾತ್ರ. ಬಚಾವತ್ ನ್ಯಾಯಮಂಡಳಿ ನಮ್ಮ ಕೃಷ್ಣೆಯಲ್ಲಿ ನೆಚ್ಚಬಹುದಾದ ನೀರೆಂದು ಎಣಿಸಿದ್ದು 2060 ಟಿ.ಎಂ.ಸಿ. ಎಂಬುದನ್ನು ನೆನೆದರೆ, ಅಷ್ಟು ದೊಡ್ಡ ಕೊಳ್ಳ ಕೊರೆದ ಈ ನದಿ ಎಷ್ಟು ಬಡವಿ ಎಂಬುದು ಗೊತ್ತಾಗುತ್ತದೆ. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದರು. ಆ ಸೀಮೆಯ ಮೂಲ ಜನರ ವಿಷಯಕ್ಕೆ ಕರಾರಿನಲ್ಲಿ ಒಂದೇ ಒಂದು ವಾಕ್ಯವಿದೆ, ಅದರಲ್ಲಿ ಒಂದು ಬೊಗಸೆ ನೀರಿನ ಲೆಕ್ಕವೂ ಇಲ್ಲ.

ಹಂಚಿದ ಮೇಲೆ ಕೂಡಿಡಬೇಕಲ್ಲ. ಮಹಾಕೊಳ್ಳದ ಮೇಲುಭಾಗದಲ್ಲಿ ಗ್ಲೆನ್ ಕ್ಯಾನ್ಯನ್ ಎಂಬ ಇನ್ನೊಂದು ಕೊಳ್ಳವಿತ್ತು, ಕೆಂಪು ಮರಳುಗಲ್ಲಿನ ಮೆಲ್ಲನೆಯ ತಿರುವುಗಳದು. 1950ರ ದಶಕದಲ್ಲಿ ಅಣೆಕಟ್ಟಿನ ಯೋಜನೆ ಬಂದಾಗ ಪ್ರಕೃತಿಪ್ರೇಮಿಗಳು ಎಕೋ ಪಾರ್ಕ್ ಎಂಬ ಬೇರೊಂದು ಕೊಳ್ಳವನ್ನು ಉಳಿಸಲು ಹೋರಾಡಿ ಗೆದ್ದರು. ಗ್ಲೆನ್ ಕ್ಯಾನ್ಯನ್ ವಿಷಯದಲ್ಲಿ ಸುಮ್ಮನಾದರು. ಅವರ ಮುಂದಾಳು ಡೇವಿಡ್ ಬ್ರೋವರ್ ಆ ಸ್ಥಳವನ್ನು ನೋಡಿರಲಿಲ್ಲ. ನೋಡುವ ಹೊತ್ತಿಗೆ ಕಾಲ ಮಿಂಚಿತ್ತು. ಆ ತಪ್ಪಿಗಾಗಿ ಅವನು ಬದುಕಿನುದ್ದಕ್ಕೂ ಪರಿತಪಿಸಿದ. 1963ರ ಮಾರ್ಚ್ 13ರಂದು ಬಾಗಿಲು ಮುಚ್ಚಿದರು. ಜಲಾಶಯ ತುಂಬಲು ಹದಿನೇಳು ವರ್ಷ ಹಿಡಿಯಿತು. ಅದರ ಗಾತ್ರ ನಮ್ಮ ಕನ್ನಂಬಾಡಿಯಂಥವು ಇಪ್ಪತ್ತಮೂರು ಇಪ್ಪತ್ತನಾಲ್ಕರಷ್ಟು. ಅದಕ್ಕೆ ಇಟ್ಟ ಹೆಸರು ಪೊವೆಲ್ ಸರೋವರ. ನೀರಿಲ್ಲವೆಂದು ಹೇಳಿ ಬೈಸಿಕೊಂಡವನಿಗೆ ಇಂಥ ಸ್ಮಾರಕ!

ಇದನ್ನು ಓದುವಾಗ ನಮ್ಮ ಶರಾವತಿ ನೆನಪಾಗದೆ ಇರಲಿಲ್ಲ. ಲಿಂಗನಮಕ್ಕಿ ಕಟ್ಟೆ ಮುಗಿದದ್ದೂ ಅದೇ ಕಾಲದಲ್ಲಿ, 1964ರಲ್ಲಿ. ಮಲೆನಾಡಿನಲ್ಲಿ 'ಮುಳುಗಡೆ' ಎಂಬುದು ಬರಿಯ ಕ್ರಿಯೆಯಲ್ಲ, ಒಂದು ಊರಿನ ಹೆಸರಿನಂತೆ ಬಳಕೆಯಾಗುವ ಪದ. ನಾ. ಡಿಸೋಜ ಅವರು ಅದೇ ಹೆಸರಿನ ಕಾದಂಬರಿ ಬರೆದರು. ಅಲ್ಲಿ ಮುಳುಗಿದ್ದು ಗದ್ದೆ, ತೋಟ, ತುಳಸಿಕಟ್ಟೆ. ಗ್ಲೆನ್ ಕ್ಯಾನ್ಯನ್‌ನಲ್ಲಿ ಹೆಚ್ಚಾಗಿ ಕಲ್ಲಿನ ಕಮಾನುಗಳು, ಪ್ರಾಚೀನರ ನೆಲೆಗಳು. ಎರಡೂ ಒಂದೇ ಎಂದು ನಾನು ಹೇಳಲಾರೆ. ನಾವು ಆ ವಿದ್ಯುತ್ತಿನ ಬೆಳಕಿನಲ್ಲೇ ಓದಿದವರು ಎಂಬುದನ್ನೂ ಮರೆಯಲಾರೆ.

ಮುಂದಿನ ಕದನ ಮಹಾಕೊಳ್ಳದೊಳಗೇ ನಡೆಯಿತು. 1960ರ ದಶಕದಲ್ಲಿ ಅಲ್ಲಿ ಎರಡು ಕಟ್ಟೆ ಕಟ್ಟಲು ಹೊರಟಾಗ ಬ್ರೋವರನ ಸಿಯೆರಾ ಕ್ಲಬ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು, ಸರ್ಕಾರ ಅದರ ತೆರಿಗೆ ವಿನಾಯಿತಿಯನ್ನು ಕಿತ್ತುಕೊಂಡಿತು, ಜನ ಇನ್ನಷ್ಟು ಕೆರಳಿದರು. 1968ರ ಕಾನೂನಿನಲ್ಲಿ ಕಟ್ಟೆಗಳು ಬಿದ್ದುಹೋದವು. ನೀರೆತ್ತಲು ಬೇಕಾದ ವಿದ್ಯುತ್ತಿಗೆ ಬದಲಿಯಾಗಿ ಬಂದದ್ದು ನವಾಹೋ ಜನರ ನೆಲದಲ್ಲಿ ಕಲ್ಲಿದ್ದಲಿನ ಸ್ಥಾವರ. ಅದು 2019ರವರೆಗೆ ಹೊಗೆಯುಗುಳಿತು. ಕೊಳ್ಳ ಉಳಿಯಿತು, ಹೊಗೆ ನೆರೆಮನೆಗೆ ಹೋಯಿತು.

ಇಂಗ್ಲಿಷರು ಇಂಥ ಕಾಪಾಡುವಿಕೆಗೆ ಬಳಸುವ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಬಹಳ ಯೋಚಿಸಿದೆ. 'ಒಡೆತನ' ಅಲ್ಲ. 'ರಕ್ಷಣೆ' ಎಂದರೆ ಕಾವಲುಗಾರನ ಲಾಠಿ ಕಾಣುತ್ತದೆ. ನಮ್ಮ ಹಳೆಯ ಮೈಸೂರಿನ ಗುಡಿಗಳಲ್ಲಿ 'ಪಾರುಪತ್ಯ' ಎಂಬ ಮಾತಿತ್ತು. ಪಾರುಪತ್ಯಗಾರ ಒಡೆಯನಲ್ಲ, ಉಗ್ರಾಣದ ಬೀಗದಕೈ ಅವನ ಸೊಂಟದಲ್ಲಿದ್ದರೂ ಒಂದು ಸೇರು ಅಕ್ಕಿಗೂ ಅವನು ಲೆಕ್ಕ ಒಪ್ಪಿಸಬೇಕು. ಆ ಪದ ನನಗೆ ಒಪ್ಪಿತು. ಆದರೆ ಲೆಕ್ಕ ಒಪ್ಪಿಸುವುದು ಯಾರಿಗೆ?

ಹವಾಸುಪಾಯ್ ಜನರ ಕಥೆ ಈ ಪ್ರಶ್ನೆಯನ್ನು ತೀಕ್ಷ್ಣಗೊಳಿಸುತ್ತದೆ. ನೀಲಿಹಸುರು ನೀರಿನ ಜನ ಎಂದು ಆ ಹೆಸರಿನ ಅರ್ಥ. ಬೇಸಗೆಯಲ್ಲಿ ಕೊಳ್ಳದೊಳಗೆ ಬೆಳೆ, ಚಳಿಗಾಲದಲ್ಲಿ ಮೇಲಿನ ಬಯಲಿನಲ್ಲಿ ಬೇಟೆ ಅವರ ಬದುಕಿನ ಕ್ರಮವಾಗಿತ್ತು. 1882ರಲ್ಲಿ ಅವರನ್ನು ಕೊಳ್ಳದ ತಳದ 518 ಎಕರೆಗೆ ಕಟ್ಟಿಹಾಕಿದರು. ಮೊಮ್ಮಕ್ಕಳಿಗಾಗಿ ಕೊಳ್ಳವನ್ನು ಉಳಿಸಿದ ಉದ್ಯಾನದೊಳಗೆ ಅವರ ಮೊಮ್ಮಕ್ಕಳಿಗೆ ಜಾಗವಿರಲಿಲ್ಲ. ದೀರ್ಘ ಹೋರಾಟದ ಬಳಿಕ 1975ರಲ್ಲಿ ಸುಮಾರು 1,85,000 ಎಕರೆ ಅವರಿಗೆ ಮರಳಿತು. ಮರಳಿಸಬಾರದೆಂದು ವಿರೋಧಿಸಿದವರಲ್ಲಿ, ಅಣೆಕಟ್ಟುಗಳನ್ನು ತಡೆದ ಅದೇ ಸಿಯೆರಾ ಕ್ಲಬ್ ಕೂಡ ಇತ್ತು. ಈ ಸಂಗತಿಯನ್ನು ಓದಿದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊಳ್ಳವನ್ನು ಅಷ್ಟು ಪ್ರೀತಿಸಿದವರಿಗೆ ಅಲ್ಲಿ ಮನುಷ್ಯರಿದ್ದದ್ದು ಕಾಣಲಿಲ್ಲ.

ಬದಲಾವಣೆ ನಿಧಾನವಾಗಿ ಬರುತ್ತಿದೆ. ಕಟ್ಟೆಯ ಹಿಂದೆ ಹೂಳೆಲ್ಲ ಉಳಿದು, ಕೆಂಪುನದಿ ತಣ್ಣಗೆ, ಹಸುರಾಗಿ ಹರಿಯತೊಡಗಿ, ಮಹಾಕೊಳ್ಳದ ಮರಳದಂಡೆಗಳು ಸವೆದವು, ಅಲ್ಲಿಯದೇ ಆದ ಮೀನುಗಳು ಕ್ಷೀಣಿಸಿದವು. 1996ರ ವಸಂತದಲ್ಲಿ ಒಂದು ವಾರ ಬೇಕೆಂದೇ ನೀರು ಬಿಟ್ಟು ಕೃತಕ ಪ್ರವಾಹ ತಂದು ದಂಡೆಗಳನ್ನು ಮರಳಿ ಕಟ್ಟಲು ನೋಡಿದರು. ಅನಂತರವೂ ಆಗಾಗ ಹಾಗೆ ಮಾಡಿದ್ದಾರೆ. 2023ರ ಆರಂಭದಲ್ಲಿ ಪೊವೆಲ್ ಸರೋವರ ಕಾಲುಭಾಗಕ್ಕಿಂತ ಕೆಳಗಿಳಿದಾಗ, ಮುಳುಗಿದ್ದ ಗ್ಲೆನ್ ಕ್ಯಾನ್ಯನ್‌ನ ಕವಲುಗಳು ಕೆಸರು ಹೊದ್ದು ಮತ್ತೆ ಹೊರಬಂದಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ, ಯುರೇನಿಯಮ್ ಗಣಿಗಳ ಹೆದರಿಕೆಯಿದ್ದ ಸುತ್ತಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಎಕರೆಯನ್ನು ಹೊಸ ಸ್ಮಾರಕವೆಂದು ಸಾರಿದರು. ಅದರ ಹೆಸರು ಡಟ್ಟನನ ಪುರಾಣದ್ದಲ್ಲ. ಹವಾಸುಪಾಯ್ ಮತ್ತು ಹೋಪಿ ನುಡಿಗಳದು.

ನಮ್ಮ ಬಳಿಯಿದ್ದ ನಕ್ಷೆ ಮಗಳು ಬಹಳ ಹಿಂದೆ ಕೊಂಡದ್ದು. ಕೊಳ್ಳಕ್ಕೆ ಇಳಿಯುವ ದಾರಿಯ ನಡುವೆ, ತೊರೆಯ ಪಕ್ಕದ ಹಸುರು ತಾಣಕ್ಕೆ ಅದರಲ್ಲಿ 'ಇಂಡಿಯನ್ ಗಾರ್ಡನ್' ಎಂದಿತ್ತು. ಅದು ನಮ್ಮ ದೇಶದವರ ತೋಟವೇ ತಾತ ಎಂದು ಮೊಮ್ಮಗ ಕೇಳಿದ. ಉಪನ್ಯಾಸ ಮುಗಿದ ಮೇಲೆ ಆ ತರುಣಿಯ ಬಳಿ ಹೋಗಿ ನಾವು ಅದನ್ನೇ ಕೇಳಿದೆವು. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಹವಾಸುಪಾಯ್ ಕುಟುಂಬಗಳಲ್ಲಿ ಕೊನೆಯವನನ್ನು 1928ರಲ್ಲಿ ಹೊರಹಾಕಿದರೆಂದೂ ಆ ಜನರ ಕೋರಿಕೆಯಂತೆ 2022ರಲ್ಲಿ ಹೆಸರನ್ನು ಬದಲಿಸಿದರೆಂದೂ ಅವಳು ಹೇಳಿದಳು. ಆಮೇಲೆ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಜೇಬಿನಿಂದ ಪೆನ್ನು ತೆಗೆದು ಹಳೆಯ ಹೆಸರನ್ನು ಹೊಡೆದುಹಾಕಿ, 'ಹವಾಸುಪಾಯ್ ಗಾರ್ಡನ್ಸ್' ಎಂದು ದುಂಡಗೆ ಬರೆದುಕೊಟ್ಟಳು. ಆ ನಕ್ಷೆಯನ್ನು ಮೊಮ್ಮಗನಿಂದ ಬೇಡಿ ತಂದಿದ್ದೇನೆ. ನನ್ನ ಮೇಜಿನ ಗಾಜಿನ ಕೆಳಗಿದೆ.