ಪ್ಲಗ್ ಬದಲಾಯಿಸುವಾಗ



ಸಂಘದ ಸಾಲದಲ್ಲಿ ತಗೊಂಡ ಪೆಟ್ರೋಲ್ ಗಾಡಿ. ತರಕಾರಿ ಹೇರಿಕೊಂಡು ಸಂತೆಗೆ ಹೊರಟಿದೆ. ಏರಿನಲ್ಲಿ ಮುಗ್ಗರಿಸುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. "ಪ್ಲಗ್, ವೈರ್, ಕಾಯಿಲ್, ಎಲ್ಲಾ ಹಾಕಬೇಕು" ಅಂತಾರೆ. ಎಲ್ಲಾ ಬೇಕಾ? ನೋಡೋಣ.

ಪೆಟ್ರೋಲ್ ಉರಿಯಲು ಕಿಡಿ ಬೇಕು. (ಡೀಸೆಲ್ ಲಾರಿಗೆ ಈ ಪ್ಲಗ್ಗೇ ಇಲ್ಲ.) ಬ್ಯಾಟರಿಯದು 12 ವೋಲ್ಟ್. ಅಷ್ಟರಿಂದ ಕಿಡಿ ಹಾರದು. ಕಾಯಿಲ್ ಅದನ್ನು ಸಾವಿರಾರು ವೋಲ್ಟ್ ಮಾಡುತ್ತದೆ. ವೈರ್ ಅದನ್ನು ಪ್ಲಗ್ಗಿಗೆ ಒಯ್ಯುತ್ತದೆ. ಕೆಲವು ಗಾಡಿಗಳಲ್ಲಿ ವೈರ್ ಇಲ್ಲ. ಪ್ಲಗ್ ಮೇಲೇ ಕಾಯಿಲ್ ಕೂತಿರುತ್ತದೆ.

ವೈರಿನ ಮೇಲಿನ ಹೊದಿಕೆ ಬಿಸಿಗೆ ಬಿರುಕು ಬಿಡುತ್ತದೆ. ಬಿರುಕಿನಿಂದ ಕಿಡಿ ಹೊರಗೆ ಹಾರುತ್ತದೆ. ಅಂಥ ವೈರನ್ನು ಪ್ಲಗ್ ಜೊತೆಗೇ ಬದಲಾಯಿಸಿ. ಕಾಯಿಲ್ ಹಾಗಲ್ಲ. ಅದಕ್ಕೆ ದುಡ್ಡು ಹೆಚ್ಚು. ಒಂದೊಂದು ಪ್ಲಗ್ಗಿಗೆ ಒಂದೊಂದು ಕಾಯಿಲ್ ಇದೆಯಾ? ಹಾಗಾದರೆ ಯಾವ ಪ್ಲಗ್ಗಿಗೆ ಕಿಡಿ ಇಲ್ಲ ಅಂತ ಕೇಳಿ. ಅದರ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿಸಿ. ಪಕ್ಕದ್ದರ ಕಾಯಿಲ್ ಇದಕ್ಕೆ. ಈಗ ಪಕ್ಕದ್ದು ನಿಂತಿತೋ, ಆ ಒಂದು ಕಾಯಿಲ್ ಕೆಟ್ಟಿದೆ. ಉಳಿದವು ಇರಲಿ. ಮೊದಲಿನ ಪ್ಲಗ್ಗಿಗೇ ಕಿಡಿ ಇಲ್ಲವೋ, ಕಾಯಿಲ್ ಸರಿ ಇದೆ.

ನೀವೇ ಕೈ ಹಾಕ್ತೀರಾ? ಎಂಜಿನ್ ತಣ್ಣಗಾಗಲಿ. ಬ್ಯಾಟರಿ ವೈರ್ ತೆಗೆಯಿರಿ. ಪ್ಲಗ್ ವೈರನ್ನು ಒಂದೊಂದಾಗಿ ಬಿಚ್ಚಿ, ಹಾಕಿ. ಅದಲುಬದಲಾದರೆ ಎಂಜಿನ್ ಸರಿಯಾಗಿ ಓಡದು. ವೈರ್ ಎಳೆಯಬೇಡಿ, ಅದರ ಟೋಪಿ ಹಿಡಿದು ಎಳೆಯಿರಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ಸ್ಪ್ಯಾನರ್. ಎಂಜಿನ್ ಓಡುವಾಗ ಮಾತ್ರ ಮುಟ್ಟಲೇಬೇಡಿ. ಶಾಕ್ ಜೋರಾಗಿ ಹೊಡೆಯುತ್ತದೆ.

ಗ್ಯಾರೇಜಿನಲ್ಲಿ ಮಾಡಿಸಿದರೆ ಹಳೇ ಸಾಮಾನು ಕೇಳಿ ತಗೊಳ್ಳಿ. ಬಿಲ್ಲಿನಲ್ಲಿ ಎಷ್ಟು ಕಾಯಿಲ್ ಬರೆದಿದೆ? ಓದಿ. ಕೈಯಲ್ಲಿರುವುದನ್ನು ಎಣಿಸಿ. ಆಮೇಲೆ ದುಡ್ಡು ಕೊಡಿ.